ಸ್ಲ್ಯಾಬ್ ಲೆಕ್ಕದಲ್ಲಿ ಇಂಗಾಲ ಎಲ್ಲಿದೆ? ಎಂಜಿನಿಯರಿಂಗ್ ಪಾಠದೊಳಗೆ ಸುಸ್ಥಿರತೆ

ಎರಡು ಪರೀಕ್ಷೆ ಪ್ರಶ್ನೆಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ.

ಒಂದು: "ಸುಸ್ಥಿರ ಅಭಿವೃದ್ಧಿ ಎಂದರೇನು? ಅದರ ಮೂರು ಆಧಾರಗಳನ್ನು ವಿವರಿಸಿ."

ಇನ್ನೊಂದು: "1000 ಚದರ ಅಡಿ ಮನೆಗೆ ಮೋಲ್ಡ್ (ಕಾಂಕ್ರೀಟ್ ಸ್ಲ್ಯಾಬ್) ಹಾಕಬೇಕು. ಎರಡು ಬಗೆಯ ಸಿಮೆಂಟ್ ಸಿಗುತ್ತದೆ. ಬಲ, ಖರ್ಚು, ಸೆಂಟ್ರಿಂಗ್ ಬಿಚ್ಚುವ ದಿನ, ಹೊರಬೀಳುವ ಇಂಗಾಲದ ಡೈಆಕ್ಸೈಡ್, ಈ ನಾಲ್ಕನ್ನೂ ಲೆಕ್ಕ ಹಾಕಿ. ಯಾವ ಸಿಮೆಂಟ್ ಆರಿಸುತ್ತೀರಿ, ಯಾಕೆ?"

ಮೊದಲನೆಯದಕ್ಕೆ ಹಿಂದಿನ ರಾತ್ರಿ ನೋಟ್ಸ್ ಓದಿಕೊಂಡರೆ ಸಾಕು. ಎರಡನೆಯದಕ್ಕೆ ಕಾಂಕ್ರೀಟ್ ಗೊತ್ತಿರಬೇಕು, ಕೆಮಿಸ್ಟ್ರಿ ನೆನಪಿರಬೇಕು, ಸೈಟಿನಲ್ಲಿ ಕೆಲಸ ಹೇಗೆ ಸಾಗುತ್ತದೆ ಅನ್ನುವ ಅಂದಾಜೂ ಬೇಕು. ನಮ್ಮ ಬಹುಪಾಲು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸುಸ್ಥಿರತೆಯ ಹೆಸರಿನಲ್ಲಿ ಕೇಳುತ್ತಿರುವುದು ಮೊದಲನೆಯ ಬಗೆಯ ಪ್ರಶ್ನೆಯನ್ನೇ. ಎರಡನೆಯ ಬಗೆಗೆ ಹೋಗುವುದು ಹೇಗೆ ಅನ್ನುವುದೇ ಈ ಲೇಖನ.

ಈಗಿರುವ ವ್ಯವಸ್ಥೆ ಎಲ್ಲಿಂದ ಬಂತು ಅಂತ ಮೊದಲು ನೋಡೋಣ. ವಕೀಲ ಎಂ.ಸಿ. ಮೆಹ್ತಾ ಹಾಕಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1991ರಲ್ಲಿ ಒಂದು ಆದೇಶ ಕೊಟ್ಟಿತು. ಶಾಲೆಯಿಂದ ಕಾಲೇಜಿನವರೆಗೆ ಪರಿಸರದ ಪಾಠ ಕಡ್ಡಾಯವಾಗಬೇಕು ಎಂದಿತು. ಆದೇಶ ಸರಿಯಾಗಿ ಜಾರಿಯಾಗಲಿಲ್ಲ ಎಂದು 2003ರಲ್ಲಿ ಮತ್ತೆ ಬಿಗಿ ಮಾಡಿತು. ಯುಜಿಸಿ ಎಲ್ಲ ಪದವಿಗಳಿಗೂ ಹೊಂದುವಂಥ ಆರು ತಿಂಗಳ ಸಾಮಾನ್ಯ ಪಠ್ಯ ತಯಾರಿಸಿತು. ಅದು ಆಗದೇ ಇದ್ದಿದ್ದರೆ ಲಕ್ಷಾಂತರ ಎಂಜಿನಿಯರುಗಳು ಪರಿಸರ ಅನ್ನುವ ಮಾತನ್ನೇ ಕೇಳದೆ ಪದವಿ ಪಡೆಯುತ್ತಿದ್ದರು. ಅದಕ್ಕಾಗಿ ಆ ಆದೇಶಕ್ಕೆ ಋಣಿಯಾಗಿರಬೇಕು.

ಆದರೆ ಎಲ್ಲರಿಗೂ ಹೊಂದುವ ಪಠ್ಯ ಯಾರ ಕೆಲಸಕ್ಕೂ ಪೂರ್ತಿ ತಾಗುವುದಿಲ್ಲ. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಸಂಸ್ಥೆ ಎಐಸಿಟಿಇಯ 2018ರ ಮಾದರಿ ಪಠ್ಯಕ್ರಮದಲ್ಲಿ ಪರಿಸರ ವಿಜ್ಞಾನ ಕಡ್ಡಾಯ, ಆದರೆ ಕ್ರೆಡಿಟ್ ಇಲ್ಲ. ನಮ್ಮ ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯುನ 2018ರ ಸ್ಕೀಮಿನಲ್ಲಿ ಅದಕ್ಕೆ ಒಂದು ಕ್ರೆಡಿಟ್ ಇತ್ತು, ಪರೀಕ್ಷೆ ಸರಿ ಉತ್ತರಕ್ಕೆ ಗುರುತು ಹಾಕುವ ಬಗೆಯದು. ವಿದ್ಯಾರ್ಥಿಗಳು ಜಾಣರು. ಒಂದು ಕ್ರೆಡಿಟ್ಟಿನ ವಿಷಯಕ್ಕೆ ಎಷ್ಟು ಓದಬೇಕೋ ಅಷ್ಟೇ ಓದುತ್ತಾರೆ. ಓಝೋನ್ ಪದರ, ಆಮ್ಲ ಮಳೆ, ಆಹಾರ ಸರಪಳಿ ಎಲ್ಲ ಬಂದುಹೋಗುತ್ತದೆ. ಪಕ್ಕದ ಕೊಠಡಿಯಲ್ಲೇ ನಡೆಯುವ ಕಾಂಕ್ರೀಟ್ ಡಿಸೈನ್ ಕ್ಲಾಸಿಗೂ ಇದಕ್ಕೂ ಸಂಬಂಧ ಇದೆ ಅಂತ ಯಾರೂ ಹೇಳುವುದಿಲ್ಲ.

ಎರಡನೆಯ ಒತ್ತಡ ಬಂದದ್ದು ಮಾನ್ಯತೆಯ ದಾರಿಯಿಂದ. 2014ರಲ್ಲಿ ಭಾರತ ವಾಷಿಂಗ್ಟನ್ ಅಕಾರ್ಡ್‌ಗೆ ಪೂರ್ಣ ಸದಸ್ಯನಾಗಿ ಸೇರಿತು. ಎನ್‌ಬಿಎ (ಕೋರ್ಸುಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಪಡೆದ ಪದವಿಗೆ ಬೇರೆ ಸದಸ್ಯ ದೇಶಗಳಲ್ಲೂ ಬೆಲೆ ಸಿಗುವ ಒಪ್ಪಂದ ಅದು. ಪದವಿ ಮುಗಿಸಿದವರಿಗೆ ಏನೇನು ಬರಬೇಕು ಎಂಬ ಎನ್‌ಬಿಎ ಪಟ್ಟಿಯಲ್ಲಿದ್ದ 12 ಅಂಶಗಳಲ್ಲಿ ಏಳನೆಯದು ಪರಿಸರ ಮತ್ತು ಸುಸ್ಥಿರತೆ. ಇತ್ತೀಚೆಗೆ ಪಟ್ಟಿ ಬದಲಾಗಿ 11 ಅಂಶಗಳಾಗಿವೆ. ಈ ಸಲ ಡಿಸೈನ್ ಬಗೆಗಿನ ಅಂಶದೊಳಗೇ ನೆಟ್ ಝೀರೋ ಇಂಗಾಲ (ಹೊರಬಿಟ್ಟಷ್ಟನ್ನೂ ಹೀರಿಕೊಂಡು ಸರಿದೂಗಿಸುವುದು) ಮತ್ತು ವಸ್ತುವಿನ ಇಡೀ ಆಯುಷ್ಯದ ಖರ್ಚು ಬಂದು ಕೂತಿವೆ. ಇದು ಸಣ್ಣ ಬದಲಾವಣೆ ಅಲ್ಲ. ಪರಿಸರದ ಪೇಪರ್ ಕಲಿಸುವವರಿಗೆ ಬಿಟ್ಟಿದ್ದ ಮಾತನ್ನು ಈಗ ಮೆಷಿನ್ ಡಿಸೈನ್ ಕಲಿಸುವವರೂ ಕೇಳಿಸಿಕೊಳ್ಳಬೇಕು.

ಕಾಗದದ ಮೇಲೆ ಇದೆಲ್ಲ ಇದೆ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ಯಾರನ್ನಾದರೂ ಸಿಒ–ಪಿಒ ಮ್ಯಾಪಿಂಗ್ ಬಗ್ಗೆ ಕೇಳಿ ನೋಡಿ. ಪ್ರತಿ ವಿಷಯದ ಗುರಿಗಳನ್ನು ಆ ಪಟ್ಟಿಯ ಅಂಶಗಳಿಗೆ ಜೋಡಿಸಿ 1, 2, 3 ಅಂತ ಅಂಕಿ ತುಂಬುವ ಕೋಷ್ಟಕ ಅದು. ಸುಸ್ಥಿರತೆಯ ಕಾಲಂನಲ್ಲಿ 2 ಅಂತ ಬರೆದ ಮಾತ್ರಕ್ಕೆ ಕ್ಲಾಸಿನಲ್ಲಿ ಒಂದು ಲೆಕ್ಕವೂ ಬದಲಾಗುವುದಿಲ್ಲ. ಬದಲಾಗಬೇಕಾದದ್ದು ಆ ಲೆಕ್ಕವೇ.

ಪ್ರಪಂಚದ ವಿಶ್ವವಿದ್ಯಾಲಯಗಳು ಇದಕ್ಕೆ ಮುಖ್ಯವಾಗಿ ಮೂರು ದಾರಿ ಹಿಡಿದಿವೆ. ಹೊಸದೊಂದು ಪೇಪರ್ ಸೇರಿಸುವುದು ಸುಲಭದ ದಾರಿ. ಇರುವ ವಿಷಯಗಳ ಒಳಗೇ ಹೆಣೆಯುವುದು ಎರಡನೆಯದು. ಕಲಿಸುವ ಕ್ರಮವನ್ನೇ ಬುಡದಿಂದ ಬದಲಿಸುವುದು ಮೂರನೆಯದು. ಡೆನ್ಮಾರ್ಕಿನ ಆಲ್ಬೋರ್ಗ್ ವಿಶ್ವವಿದ್ಯಾಲಯ 1974ರಲ್ಲಿ ಶುರುವಾದದ್ದೇ ಮೂರನೆಯ ರೀತಿಯಲ್ಲಿ. ಅಲ್ಲಿ ಪ್ರತಿ ಸೆಮಿಸ್ಟರಿನ ಅರ್ಧದಷ್ಟು ಹೊತ್ತು ಗುಂಪಿನಲ್ಲಿ ಒಂದು ನಿಜವಾದ ಸಮಸ್ಯೆಯ ಮೇಲೆ ಕೆಲಸ ಮಾಡಬೇಕು. ಕೇಳಲು ಚೆನ್ನಾಗಿದೆ. ಆದರೆ ನೂರಾರು ಕಾಲೇಜುಗಳು ಒಂದೇ ಪ್ರಶ್ನೆಪತ್ರಿಕೆಗೆ ಉತ್ತರ ಬರೆಯುವ ವಿಟಿಯುನಂಥ ವ್ಯವಸ್ಥೆಗೆ ಅದನ್ನು ಹಾಗೇ ತರಲು ಆಗುವುದಿಲ್ಲ.

ನೆದರ್ಲೆಂಡ್ಸಿನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯ 1998ರಲ್ಲಿ ಎಲ್ಲ ಪದವೀಧರರಿಗೂ ಸುಸ್ಥಿರ ಅಭಿವೃದ್ಧಿಯ ತಿಳಿವಳಿಕೆ ಇರಬೇಕು ಎಂದು ತೀರ್ಮಾನಿಸಿತು. ಅಲ್ಲಿ ಮಾಡಿದ ಒಂದು ಕೆಲಸ ನನಗೆ ಬಹಳ ಮೆಚ್ಚುಗೆಯಾಯಿತು. ಪ್ರಾಧ್ಯಾಪಕರಿಗೆ ಸುತ್ತೋಲೆ ಕಳಿಸಿ ಸುಮ್ಮನಾಗಲಿಲ್ಲ. ಸುಸ್ಥಿರತೆ ಬಲ್ಲವರು ಒಬ್ಬೊಬ್ಬ ಪ್ರಾಧ್ಯಾಪಕರ ಹತ್ತಿರ ಹೋಗಿ ಕೂತು ಮಾತಾಡಿದರು. "ನಿಮ್ಮ ವಿಷಯ ಇದಕ್ಕೆ ಏನು ಕೊಡಬಲ್ಲದು?" ಅಂತ ಕೇಳಿದರು. ಇಪ್ಪತ್ತು ವರ್ಷ ದ್ರವಗಳ ಚಲನೆಯನ್ನೇ ಪಾಠ ಮಾಡಿದವರಿಗೆ ಅದರ ಉತ್ತರ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿರುತ್ತದೆ, ಅಲ್ವಾ? ನಮ್ಮ ಕಾಲೇಜುಗಳಿಗೆ ಹೊಂದುವುದು ಈ ಎರಡನೆಯ ದಾರಿಯೇ ಅಂತ ನನ್ನ ಅಭಿಪ್ರಾಯ.

ಹೆಣೆಯುವುದು ಅಂದರೆ ಏನು ಅಂತ ಆ ಸ್ಲ್ಯಾಬಿನಲ್ಲೇ ನೋಡೋಣ.

ಸಿಮೆಂಟಿನ ಮುಖ್ಯ ಭಾಗ ಕ್ಲಿಂಕರ್. ಅದಕ್ಕೆ ಸುಣ್ಣಕಲ್ಲನ್ನು ಸುಮಾರು 1450 ಡಿಗ್ರಿವರೆಗೆ ಬೇಯಿಸಬೇಕು. ಆಗ ಸುಣ್ಣಕಲ್ಲು ಸುಣ್ಣವಾಗಿಯೂ ಇಂಗಾಲದ ಡೈಆಕ್ಸೈಡ್ ಆಗಿಯೂ ಒಡೆಯುತ್ತದೆ. 100 ಕಿಲೋ ಶುದ್ಧ ಸುಣ್ಣಕಲ್ಲಿನಿಂದ 56 ಕಿಲೋ ಸುಣ್ಣ, 44 ಕಿಲೋ ಅನಿಲ. ಪಿಯುಸಿಯ ಕೆಮಿಸ್ಟ್ರಿಯೇ ಇದು. ಕ್ಲಿಂಕರಿನಲ್ಲಿ ಸುಮಾರು 65% ಸುಣ್ಣದ ಅಂಶ ಅಂದುಕೊಂಡರೆ, ಒಂದು ಕಿಲೋ ಕ್ಲಿಂಕರಿಗೆ ಕಲ್ಲಿನೊಳಗಿಂದಲೇ ಅರ್ಧ ಕಿಲೋಗಿಂತ ತುಸು ಜಾಸ್ತಿ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಗೂಡಿಗೆ ಸೌರಶಕ್ತಿಯನ್ನೇ ಕೊಟ್ಟರೂ ಈ ಭಾಗ ತಪ್ಪುವುದಿಲ್ಲ. ಕಲ್ಲಿದ್ದಲಿನದೂ ಸೇರಿ ಒಟ್ಟು 0.8 ಕಿಲೋ ಅಂತ ಇಟ್ಟುಕೊಳ್ಳೋಣ.

1000 ಚದರ ಅಡಿ ಅಂದರೆ ಸುಮಾರು 93 ಚದರ ಮೀಟರ್. 125 ಮಿ.ಮೀ. ದಪ್ಪದ ಸ್ಲ್ಯಾಬಿಗೆ 11.6 ಘನ ಮೀಟರ್ ಕಾಂಕ್ರೀಟ್ ಬೇಕು. ಘನ ಮೀಟರಿಗೆ 350 ಕಿಲೋ ಸಿಮೆಂಟ್ ಹಾಕಿದರೆ ಒಟ್ಟು 4060 ಕಿಲೋ. ಹೆಚ್ಚುಕಡಿಮೆ 81 ಮೂಟೆ. ಸಾಮಾನ್ಯ ಓಪಿಸಿ ಸಿಮೆಂಟಿನಲ್ಲಿ 95% ಕ್ಲಿಂಕರ್, ಉಳಿದದ್ದು ಜಿಪ್ಸಂ ಅಂದುಕೊಂಡರೆ 3 ಟನ್ನಿಗಿಂತ ಸ್ವಲ್ಪ ಜಾಸ್ತಿ ಇಂಗಾಲದ ಡೈಆಕ್ಸೈಡ್ ಆಯಿತು. 30% ಹಾರುಬೂದಿ ಬೆರೆತ ಪಿಪಿಸಿ ಹಾಕಿದರೆ ಕ್ಲಿಂಕರ್ 65%ಕ್ಕೆ ಇಳಿಯುತ್ತದೆ. ಆಗ ಸುಮಾರು 2.1 ಟನ್. ಒಂದೇ ಮನೆಯ ಒಂದೇ ಸ್ಲ್ಯಾಬಿನಲ್ಲಿ ಸುಮಾರು ಒಂದು ಟನ್ ವ್ಯತ್ಯಾಸ.

ಹಾಗಾದರೆ ಪಿಪಿಸಿಯೇ ಸರಿ ಅಂತ ಬರೆದು ಪುಟ ತಿರುಗಿಸಬಹುದೇ? ಇಲ್ಲ, ಎಂಜಿನಿಯರಿಂಗ್ ಶುರುವಾಗುವುದೇ ಇಲ್ಲಿಂದ. ಹಾರುಬೂದಿ ಬೆರೆತ ಸಿಮೆಂಟ್ ಬಲ ತೆಗೆದುಕೊಳ್ಳುವುದು ನಿಧಾನ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಕೋಡ್ ಪ್ರಕಾರ ಓಪಿಸಿಗೆ ಕನಿಷ್ಠ 7 ದಿನ ಕ್ಯೂರಿಂಗ್ (ನೀರು ಹಾಕಿ ಒದ್ದೆಯಾಗಿಡುವುದು) ಸಾಕು, ಬೆರಕೆ ಸಿಮೆಂಟಿಗೆ 10 ದಿನ ಬೇಕು. ಸೆಂಟ್ರಿಂಗ್ ಸಾಮಾನನ್ನು ಇನ್ನಷ್ಟು ದಿನ ಇಟ್ಟುಕೊಂಡರೆ ಬಾಡಿಗೆ ಏರುತ್ತದೆ. ಬೇಸಿಗೆಯಲ್ಲಿ ನೀರಿಲ್ಲದ ಊರಿನಲ್ಲಿ ಆ ಮೂರು ದಿನದ ಕ್ಯೂರಿಂಗ್ ತಪ್ಪಿದರೆ ಸ್ಲ್ಯಾಬ್ ಬಿರುಕು ಬಿಡುತ್ತದೆ. ಬಿರುಕಿನಿಂದ ನೀರು ಇಳಿದು ಕಂಬಿ ತುಕ್ಕು ಹಿಡಿದರೆ, ಹತ್ತಾರು ವರ್ಷ ಬಾಳಬೇಕಾದದ್ದನ್ನು ಬೇಗ ಒಡೆದು ಕಟ್ಟಬೇಕು. ಉಳಿಸಿದ ಒಂದು ಟನ್ ಅಲ್ಲಿಗೆ ಹೋಯಿತು. ಮಂಗಳೂರಿನಲ್ಲಿ ಸಮುದ್ರದ ಗಾಳಿಗೆ ತೆರೆದುಕೊಂಡ ಕಾಂಕ್ರೀಟಿಗೆ ಅದೇ ಕೋಡ್ 45 ಮಿ.ಮೀ. ಕವರ್, ಅಂದರೆ ಕಂಬಿಯನ್ನು ಮುಚ್ಚುವ ಕಾಂಕ್ರೀಟ್ ಪದರ, ಕೇಳುತ್ತದೆ. ಅಲ್ಲಿ ಕವರ್ ಸರಿಯಾಗಿ ಬಿಡುವುದೇ ದೊಡ್ಡ ಪರಿಸರ ಕೆಲಸ ಅನ್ನುವುದು ವಿದ್ಯಾರ್ಥಿಗೆ ಹೊಳೆದರೆ ಪಾಠ ಗೆದ್ದಂತೆ.

ಇನ್ನೂ ಮುಂದೆ ಹೋಗಬಹುದು. ಹಾರುಬೂದಿ ಬರುವುದು ರಾಯಚೂರಿನ ಶಕ್ತಿನಗರದಂಥ ಕಲ್ಲಿದ್ದಲು ಸ್ಥಾವರಗಳಿಂದ. ಕಲ್ಲಿದ್ದಲು ಕಡಿಮೆಯಾದಂತೆ ಬೂದಿಯೂ ಕಡಿಮೆಯಾಗುತ್ತದೆ. ಆಗ ಏನು? ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆಗಳಲ್ಲಿ ಉಳಿಯುವ ಕಿಟ್ಟ, ಅಂದರೆ ಸ್ಲ್ಯಾಗ್, ಒಂದು ದಾರಿ. ಬೇಯಿಸಿದ ಜೇಡಿಮಣ್ಣು ಮತ್ತು ಸುಣ್ಣಕಲ್ಲಿನ ಪುಡಿ ಬೆರೆಸುವ ಎಲ್‌ಸಿ3 ಇನ್ನೊಂದು. ಸ್ವಿಟ್ಜರ್ಲೆಂಡ್, ಕ್ಯೂಬಾ ಮತ್ತು ನಮ್ಮ ಐಐಟಿಗಳ ಸಂಶೋಧಕರು ಸೇರಿ ಬೆಳೆಸಿದ ಸಿಮೆಂಟ್ ಅದು. 2023ರಲ್ಲಿ ಭಾರತೀಯ ಮಾನಕವೂ ಬಂದಿದೆ. ಇಷ್ಟೆಲ್ಲವೂ ಒಂದೇ ಸ್ಲ್ಯಾಬಿನ ಲೆಕ್ಕದೊಳಗಿಂದ ಹೊರಟದ್ದು. ಹೊಸ ಪೇಪರ್ ಬೇಕಾಗಲಿಲ್ಲ.

ಇಂಥ ಲೆಕ್ಕಕ್ಕೆ ಒಂದು ಶಿಸ್ತು ಇದೆ. ಅದನ್ನು ಜೀವನಚಕ್ರದ ಲೆಕ್ಕ ಅನ್ನುತ್ತಾರೆ. ಕಚ್ಚಾ ವಸ್ತು ಅಗೆಯುವುದರಿಂದ ಹಿಡಿದು ಕೊನೆಗೆ ಬಿಸಾಡುವವರೆಗೆ ಎಲ್ಲವನ್ನೂ ಕೂಡಿಸುವ ಲೆಕ್ಕ. ಅದರಲ್ಲಿ ಎಡವುವುದು ಎರಡು ಕಡೆ. ಒಂದು, ಯಾವುದನ್ನು ಯಾವುದಕ್ಕೆ ಹೋಲಿಸುತ್ತೇವೆ ಅನ್ನುವುದು. ಕಾಗದದ ಲೋಟವನ್ನೂ ಸ್ಟೀಲ್ ಲೋಟವನ್ನೂ ತೂಕ ಹಾಕಿ ಹೋಲಿಸಿದರೆ ಸ್ಟೀಲ್ ಸೋಲುತ್ತದೆ. "ಸಾವಿರ ಸಲ ಕಾಫಿ ಕುಡಿಯುವುದು" ಅನ್ನುವ ಕೆಲಸಕ್ಕೆ ಹೋಲಿಸಿದರೆ ಒಂದು ಕಡೆ ಸಾವಿರ ಕಾಗದದ ಲೋಟ, ಇನ್ನೊಂದು ಕಡೆ ಒಂದೇ ಸ್ಟೀಲ್ ಲೋಟ ಮತ್ತು ಸಾವಿರ ಸಲ ತೊಳೆದ ನೀರು. ಎರಡನೆಯದು, ಲೆಕ್ಕದ ಗಡಿ. ತೊಳೆಯುವ ನೀರನ್ನು ಬಿಟ್ಟರೆ ಉತ್ತರವೇ ಬೇರೆ. ಬಿಸಿನೀರಿನಲ್ಲಿ ತೊಳೆದರೆ ಮತ್ತೂ ಬೇರೆ. ಕಂಪನಿಗಳು "ಪರಿಸರಸ್ನೇಹಿ" ಅಂತ ಹಣೆಪಟ್ಟಿ ಅಂಟಿಸಿದಾಗ ಈ ಎರಡು ಪ್ರಶ್ನೆ ಕೇಳುವಷ್ಟು ಎಂಜಿನಿಯರಿಗೆ ಬಂದರೆ ಸಾಕು, ಅರ್ಧ ಸುಳ್ಳು ಅಲ್ಲೇ ಬಯಲಾಗುತ್ತದೆ.

ಮೆಕ್ಯಾನಿಕಲ್‌ನವರಿಗೂ ಸಿವಿಲ್‌ನವರಿಗೂ ಪಂಪಿನ ಪಾಠ ಇರುತ್ತದೆ. ಪುಸ್ತಕದ ಲೆಕ್ಕದಲ್ಲಿ ಯಾವುದೋ ಊರಿಲ್ಲದ ಟ್ಯಾಂಕಿಗೆ ನೀರು ಏರುತ್ತದೆ. ಅದರ ಬದಲು ಬೆಂಗಳೂರಿನ ಕಾವೇರಿ ನೀರನ್ನೇ ಕೊಡಬಹುದು. ನೀರು ಸುಮಾರು 100 ಕಿ.ಮೀ. ದೂರದಿಂದ ಹಂತ ಹಂತವಾಗಿ ಪಂಪಾಗಿ ಬರುತ್ತದೆ. ಏರಿಕೆ 300 ಮೀಟರ್ ಅಂತ ಇಟ್ಟುಕೊಳ್ಳೋಣ. 1000 ಲೀಟರನ್ನು ಅಷ್ಟು ಎತ್ತಲು 0.82 ಯೂನಿಟ್ ವಿದ್ಯುತ್ ಬೇಕು. ಪಂಪು, ಮೋಟಾರಿನ ದಕ್ಷತೆ ಒಟ್ಟು 70% ಅಂದರೆ 1.17 ಯೂನಿಟ್. ಪೈಪಿನ ಘರ್ಷಣೆಯನ್ನು ಇನ್ನೂ ಸೇರಿಸಿಲ್ಲ. 2024ರ ಅಕ್ಟೋಬರಿನಲ್ಲಿ ಶುರುವಾದ ಐದನೇ ಹಂತದ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಅಷ್ಟನ್ನೂ ಎತ್ತಿದರೆ ಈ ಸರಳ ಲೆಕ್ಕದಲ್ಲೇ ದಿನಕ್ಕೆ ಸುಮಾರು 9 ಲಕ್ಷ ಯೂನಿಟ್. ನಗರದ ಹಳೇ ಪೈಪಿನಲ್ಲಿ ಸೋರುವ ಪ್ರತಿ ಲೀಟರಿನ ಜೊತೆ ಈ ವಿದ್ಯುತ್ತೂ ಸೋರುತ್ತದೆ.

ಈಗ ವಿದ್ಯಾರ್ಥಿಯನ್ನೇ ಕೇಳಿ: ಮಳೆಕೊಯ್ಲು ಎಷ್ಟು ಉಳಿಸುತ್ತದೆ? ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ. 93 ಚದರ ಮೀಟರ್ ತಾರಸಿಯಲ್ಲಿ 80% ಹಿಡಿದರೆ 72,000 ಲೀಟರ್. ವಿದ್ಯುತ್ ಉಳಿತಾಯ ವರ್ಷಕ್ಕೆ 84 ಯೂನಿಟ್, ಅಷ್ಟೇ. ನಿರಾಸೆ ಆಗಬಹುದು. ಆದರೆ ನನಗೆ ಈ ಉತ್ತರ ಬಹಳ ಮುಖ್ಯ ಅನಿಸುತ್ತದೆ. ಮಳೆಕೊಯ್ಲಿನ ದೊಡ್ಡ ಲಾಭ ವಿದ್ಯುತ್ತಲ್ಲ, ಆ 72,000 ಲೀಟರ್ ನೀರು ಮತ್ತು ಅಂತರ್ಜಲ. ಒಳ್ಳೆಯ ಕೆಲಸಕ್ಕೆ ತಪ್ಪು ಕಾರಣ ಕೊಡಬಾರದು ಅನ್ನುವುದನ್ನು ಲೆಕ್ಕವೇ ಕಲಿಸಿತು.

ಕಂಪ್ಯೂಟರ್ ಸೈನ್ಸಿನವರು ಈಗ ಎಲ್ಲ ಕಡೆ ಜಾಸ್ತಿ. ಅವರಿಗೆ ಇದರಲ್ಲೇನಿದೆ? ಲ್ಯಾಪ್‌ಟಾಪಿನ ಇಡೀ ಆಯುಷ್ಯದ ಇಂಗಾಲದಲ್ಲಿ ದೊಡ್ಡ ಪಾಲು ಅದನ್ನು ತಯಾರಿಸುವಾಗಲೇ ಆಗಿಹೋಗಿರುತ್ತದೆ. ಫೋನಿಗೂ ಇದೇ ಮಾತು. ಅಂದರೆ ಸಾಧನ ಇನ್ನೆರಡು ವರ್ಷ ಬಾಳುವಂತೆ ಮಾಡುವುದು ಬಹಳ ದೊಡ್ಡ ಉಳಿತಾಯ. ಅದು ಬಾಳುವುದೋ ಮೂಲೆ ಸೇರುವುದೋ ಅನ್ನುವುದನ್ನು ಎಷ್ಟೋ ಸಲ ಸಾಫ್ಟ್‌ವೇರೇ ತೀರ್ಮಾನಿಸುತ್ತದೆ. ಆಪ್ ಭಾರವಾದಂತೆ ಹಳೇ ಫೋನ್ ತೆವಳುತ್ತದೆ, ಜನ ಹೊಸದು ಕೊಳ್ಳುತ್ತಾರೆ. "ನಿಮ್ಮ ಮಿನಿ ಪ್ರಾಜೆಕ್ಟ್ ಆಪ್ 2 ಜಿಬಿ ರ್‍ಯಾಮ್ ಇರುವ ಹಳೇ ಫೋನಿನಲ್ಲಿ ಓಡಬೇಕು" ಅನ್ನುವ ಒಂದೇ ಷರತ್ತು ಹಾಕಿದರೆ ಸಾಕು, ಕೋಡ್ ಬರೆಯುವ ರೀತಿಯೇ ಬದಲಾಗುತ್ತದೆ.

ಇಲ್ಲಿಯವರೆಗೆ ಬರೀ ಅಂಕಿ ಮಾತಾಡಿದೆವು. ಅಂಕಿಗೆ ಸಿಗದ ಇನ್ನೊಂದು ಭಾಗ ಇದೆ. ಅದಕ್ಕೆ ಒಳ್ಳೆಯ ಪಾಠ ನಮ್ಮ ತುಮಕೂರು ಜಿಲ್ಲೆಯಲ್ಲೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್‌ರಸಾಯನ ವಿಜ್ಞಾನಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಆಸ್ತ್ರ ಎಂಬ ಕೇಂದ್ರ ಶುರು ಮಾಡಿದರು. ಹಳ್ಳಿಗಳಿಗಾಗಿ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಬಳಸುವುದು ಅದರ ಕೆಲಸ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಕ್ಷೇತ್ರ ಕೇಂದ್ರ ಇತ್ತು. ಸೌದೆ ಕಡಿಮೆ ಬೇಡುವ ಆಸ್ತ್ರ ಒಲೆ, ಸುಡದೆ ಮಾಡುವ ಸಿಮೆಂಟ್ ಬೆರೆತ ಮಣ್ಣಿನ ಇಟ್ಟಿಗೆ, ಎಲ್ಲ ಅಲ್ಲಿಂದ ಬಂದವು.

ಅಲ್ಲೇ ಹತ್ತಿರದ ಪುರ ಅನ್ನುವ ಹಳ್ಳಿಯಲ್ಲಿ ಊರಿಗೆಲ್ಲ ಸೇರಿ ಒಂದು ಗೋಬರ್ ಗ್ಯಾಸ್ ಘಟಕ ಕಟ್ಟಿದರು. ಮೊದಲ ಯೋಚನೆ ಅಡುಗೆಗೆ ಗ್ಯಾಸ್ ಕೊಡುವುದು. ಅದು ಕೈಗೂಡಲಿಲ್ಲ. ಊರಿನ ಸಗಣಿಯಿಂದ ಬರುವ ಗ್ಯಾಸ್ ಎಲ್ಲ ಮನೆಗಳ ಒಲೆಗೆ ಸಾಲುವಂತಿರಲಿಲ್ಲ. ಜನರಿಗೆ ಮೊದಲು ಬೇಕಾಗಿದ್ದುದು ಮನೆ ಹತ್ತಿರ ನೀರು ಮತ್ತು ಬೆಳಕು. ಯೋಜನೆಯನ್ನೇ ತಿರುಗಿಸಿದರು. ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ವಿದ್ಯುತ್ ತಯಾರಿಸಿದರು. ಕೊಳವೆಬಾವಿಯ ನೀರು ಊರೊಳಗೆ ಬಂತು, ಮನೆಗಳಿಗೆ ದೀಪ ಬಂತು. ಸಗಣಿ ತಂದುಕೊಟ್ಟವರಿಗೆ ಬಗ್ಗಡ ಗೊಬ್ಬರವಾಗಿ ವಾಪಸು ಸಿಕ್ಕಿತು. ವರ್ಷಗಟ್ಟಲೆ ಊರಿನವರೇ ಅದನ್ನು ನಡೆಸಿದರು. ಆಸ್ತ್ರ ಇಂದು ಅದೇ ಸಂಸ್ಥೆಯಲ್ಲಿ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರವಾಗಿ ಮುಂದುವರಿದಿದೆ.

ಈ ಕಥೆ ಪ್ರತಿ ಎಂಜಿನಿಯರಿಂಗ್ ಕ್ಲಾಸಿನಲ್ಲಿ ಬರಬೇಕು ಅಂತ ನನಗೆ ಆಸೆ. ಶಕ್ತಿಯ ಲೆಕ್ಕ ಬಲ್ಲ ವಿಜ್ಞಾನಿಗಳೇ ಜನರನ್ನು ಕೇಳಿ ಡಿಸೈನ್ ಬದಲಿಸಿದರು. ಇನ್ನೊಂದು ಕಡೆ ಶರಾವತಿಯನ್ನು ನೋಡಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು, ರಾಜ್ಯಕ್ಕೆ ಬೆಳಕು ಕೊಟ್ಟಿತು. ಮುಳುಗಡೆಯಾಗಿ ಎದ್ದು ಹೋದ ಕುಟುಂಬಗಳ ಭೂಮಿ ಹಕ್ಕಿನ ಹೋರಾಟ ಅರ್ಧ ಶತಮಾನ ಕಳೆದರೂ ನಿಂತಿಲ್ಲ. ಜಲವಿದ್ಯುತ್ತಿಗೆ ಇಂಗಾಲ ಕಡಿಮೆ ಅನ್ನುವ ಅಂಕಿಯ ಪಕ್ಕದಲ್ಲಿ ಈ ಸಂಗತಿಯೂ ಇರದಿದ್ದರೆ ಪಾಠ ಅಪೂರ್ಣ.

ಈ ಲೆಕ್ಕ ಕಲಿತವರಿಗೆ ಕೆಲಸ ಸಿಗುತ್ತದೆಯೇ ಎಂದು ಪೋಷಕರು ಕೇಳುವುದು ನ್ಯಾಯ. ಸಿಗುತ್ತದೆ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಅಲ್ಲಿನ ಮೊದಲ ಸಾವಿರ ಕಂಪನಿಗಳಿಗೆ 2022–23ರಿಂದ ಸುಸ್ಥಿರತೆಯ ವರದಿ ಕಡ್ಡಾಯ ಮಾಡಿದೆ. ಯುರೋಪ್ ತನಗೆ ಬರುವ ಉಕ್ಕು, ಸಿಮೆಂಟ್, ಅಲ್ಯೂಮಿನಿಯಂನಂಥ ಸರಕಿನ ಇಂಗಾಲದ ಲೆಕ್ಕವನ್ನು 2023ರ ಅಕ್ಟೋಬರಿನಿಂದ ಕೇಳುತ್ತಿದೆ. ಅಲ್ಲಿಗೆ ಉಕ್ಕು ಕಳಿಸುವ ಕಾರ್ಖಾನೆಗೆ ಟನ್ನಿಗೆ ಎಷ್ಟು ಇಂಗಾಲ ಅಂತ ಸರಿಯಾಗಿ ಅಳೆಯುವ ಎಂಜಿನಿಯರ್ ಬೇಕೇ ಬೇಕು.

ಅಡ್ಡಿಗಳು ನಿಜ. ಸಿಲಬಸ್ ಮುಗಿಸುವುದೇ ಕಷ್ಟ. ಪಾಠ ಮಾಡುವವರು ತಾವು ಓದುವಾಗ ಇದನ್ನು ಕಲಿತಿಲ್ಲ. ಅವರ ಮೇಲೆ ಇನ್ನೊಂದು ಫಾರ್ಮ್ ಹೇರಿದರೆ ಇರುವ ಉತ್ಸಾಹವೂ ಹೋಗುತ್ತದೆ. ಆದರೆ ವಿಟಿಯುನ 2022ರ ಸ್ಕೀಮಿನಲ್ಲಿ 100ರಲ್ಲಿ 50 ಅಂಕ ಇಂಟರ್ನಲ್ಸಿಗೆ. ಅಸೈನ್‌ಮೆಂಟಿನಲ್ಲಿ ಯಾವ ಲೆಕ್ಕ ಕೊಡಬೇಕು ಅನ್ನುವುದು ಬಹುಮಟ್ಟಿಗೆ ಮೇಷ್ಟ್ರ ಕೈಯಲ್ಲೇ ಇದೆ. ಒಂದು ಸೆಮಿಸ್ಟರಿಗೆ ಒಂದು ಲೆಕ್ಕ ಬದಲಿಸಿದರೂ ಸಾಕು. ಅಂಕಿಅಂಶಕ್ಕೆ ಪರದಾಡಬೇಕಿಲ್ಲ. ಒಂದು ಯೂನಿಟ್ ವಿದ್ಯುತ್ತಿಗೆ ಎಷ್ಟು ಇಂಗಾಲದ ಡೈಆಕ್ಸೈಡ್ ಅನ್ನುವುದನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರಕಟಿಸುತ್ತದೆ. ಈಗ ಅದು ಸುಮಾರು 0.7 ಕಿಲೋ. ಪಂಪು, ಫ್ಯಾನು, ಫ್ರಿಜ್ಜಿನ ಲೇಬಲ್ಲಿನಲ್ಲಿ ಬಿಇಇ ಸ್ಟಾರ್ ಇದೆ.

ಮತ್ತೆ, ಅಳೆಯಲು ಕ್ಯಾಂಪಸ್ಸೇ ಇದೆ. ಹಾಸ್ಟೆಲಿನ ಬಾಯ್ಲರ್, ಮೆಸ್ಸಿನಲ್ಲಿ ಉಳಿಯುವ ಅನ್ನ, ಲ್ಯಾಬಿನಲ್ಲಿ ರಾತ್ರಿಯಿಡೀ ಉರಿಯುವ ಕಂಪ್ಯೂಟರುಗಳು, ತೋಟಕ್ಕೆ ಬಿಡುವ ನೀರು, ಇವೆಲ್ಲ ಕೊನೇ ವರ್ಷದ ಪ್ರಾಜೆಕ್ಟಿಗೆ ಸಾಕಷ್ಟು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ಹಣ ಕೊಡುವ ಕಾರ್ಯಕ್ರಮವನ್ನು ದಶಕಗಳಿಂದ ನಡೆಸುತ್ತಿದೆ, ಅರ್ಜಿ ಹಾಕಬಹುದು. ಎಷ್ಟೋ ಕಾಲೇಜುಗಳಲ್ಲಿ ಇಡೀ ಆವರಣಕ್ಕೆ ಒಂದೇ ವಿದ್ಯುತ್ ಮೀಟರ್ ಇರುತ್ತದೆ. ಹಾಸ್ಟೆಲ್ ಎಷ್ಟು ಬಳಸುತ್ತದೆ, ಲ್ಯಾಬ್ ಎಷ್ಟು ಬಳಸುತ್ತದೆ ಅಂತ ಯಾರಿಗೂ ತಿಳಿಯುವುದಿಲ್ಲ. ಅಲ್ಲಿ ಬ್ಲಾಕಿಗೊಂದು ಸಬ್ ಮೀಟರ್ ಹಾಕಿಸಿ, ಆರು ತಿಂಗಳು ರೀಡಿಂಗ್ ಬರೆದು, ಪ್ರಿನ್ಸಿಪಾಲರ ಮುಂದೆ ಇಡುವುದರಿಂದ ಎಲೆಕ್ಟ್ರಿಕಲ್ ವಿದ್ಯಾರ್ಥಿಗಳು ಶುರು ಮಾಡಬಹುದು.